ಕಲ್ಲೆಳೆಯುವ ಸರದಿ

ಮೊಮ್ಮಕ್ಕಳಿಗೆ ಮನೆಯಲ್ಲೇ ಪಾಠ ಎಂದು ತೀರ್ಮಾನಿಸಿದ್ದು ಸೊಸೆ. ಪುಸ್ತಕಗಳ ಪೆಟ್ಟಿಗೆ ತರಿಸಿದ್ದೂ ಅವಳೇ. ಅದರಲ್ಲಿ ಪ್ರಾಚೀನ ಇತಿಹಾಸದ ಪುಸ್ತಕವೊಂದಿತ್ತು, ತಲೆದಿಂಬಿನಷ್ಟು ದಪ್ಪ. ದೊಡ್ಡ ಮಕ್ಕಳಿಗೆಂದು ಬರೆದದ್ದು. ಮನೆಯಲ್ಲಿದ್ದ ಮೊಮ್ಮಗನಿಗೆ ಏಳು, ಮೊಮ್ಮಗಳಿಗೆ ಐದು. ಮಗ ಸೊಸೆ ಇಬ್ಬರೂ ಬೆಳಗ್ಗೆ ಕೆಲಸಕ್ಕೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಹಾಗಾಗಿ ಆ ದಪ್ಪ ಪುಸ್ತಕವನ್ನು ಮಕ್ಕಳ ಬಾಯಿಗೆ ಹಿಡಿಸುವಂತೆ ತುತ್ತು ಮಾಡುವ ಕೆಲಸ ಅಜ್ಜನ ಪಾಲಿಗೆ ಬಂತು.

ಅಜ್ಜ ಅಚ್ಚುಕೂಟದಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದವರು. ಓದಿದ್ದಕ್ಕಿಂತ ಹೊಲಿದದ್ದೇ ಹೆಚ್ಚು ಎಂದು ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುತ್ತಿದ್ದರು. ಅವರು ಇಸವಿಗಳನ್ನು ಬಿಟ್ಟರು. ನಾಲಿಗೆ ತೊಡರುವ ರಾಜರ ಹೆಸರು ಬಿಟ್ಟರು, ಯುದ್ಧ ಬಿಟ್ಟರು. ಆ ಕಾಲದ ಜನ ಕೈಯಲ್ಲಿ ಏನು ಮಾಡುತ್ತಿದ್ದರೋ ಅದನ್ನಷ್ಟೇ ಇಟ್ಟುಕೊಂಡರು. ಬೆಂಕಿಪೊಟ್ಟಣಕ್ಕೆ ಮಣ್ಣು ಒತ್ತಿದರೆ ಇಟ್ಟಿಗೆ. ನೀಲಿ ಹೊದಿಕೆ ಹಾಸಿದರೆ ನದಿ. ಪಿರಮಿಡ್ಡಿನ ಪಾಠಕ್ಕೆ ಹಲಗೆಗೆ ಹಗ್ಗ ಕಟ್ಟಿ, ಮೇಲೆ ಕಲ್ಲು ಹೇರಿ, ಹಿತ್ತಲಿನ ಮರಳಿನ ಮೇಲೆ ಎಳೆಸಿದರು. ಒಬ್ಬರು ರಾಜ, ಒಬ್ಬರು ಹಲಗೆಯ ಮುಂದೆ ಮರಳಿಗೆ ನೀರು ಚೆಲ್ಲುವವರು, ಮಿಕ್ಕವರು ಎಳೆಯುವವರು.

ಪಾಠಕ್ಕೆ ಬರುತ್ತಿದ್ದ ಮೂರನೆಯ ಮಗು ಕೆಳಮನೆಯದು. ಮೆಟ್ಟಿಲ ಬುಡದಲ್ಲಿ ಮೇಜಿಟ್ಟುಕೊಂಡು ಬೀದಿಯವರ ಬಟ್ಟೆಗೆ ಇಸ್ತ್ರಿ ಹಾಕುವ ಹೆಂಗಸಿನ ಮಗಳು. ಸಣ್ಣವಳು, ಮಾತು ಖಾರ. ಅಜ್ಜ ಅವಳನ್ನು ಮೆಣಸು ಎಂದು ಕರೆದರು, ಅದೇ ನಿಂತಿತು.

ಯಾರು ಏನಾಗಬೇಕು ಎಂಬುದನ್ನು ಅಜ್ಜನ ಉಣ್ಣೆ ಟೋಪಿ ಹೇಳುತ್ತಿತ್ತು. ಅದರೊಳಗೆ ಅಂಗಿಯ ನಾಲ್ಕು ಗುಂಡಿಗಳು, ಅದರಲ್ಲಿ ಎರಡು ಕರಿ. ಬಿಳಿ ಸಿಕ್ಕರೆ ರಾಜ, ನೀಲಿ ಸಿಕ್ಕರೆ ನೀರು, ಕರಿ ಸಿಕ್ಕರೆ ಹಗ್ಗ. ಅಜ್ಜನೂ ಕೈ ಹಾಕುತ್ತಿದ್ದರು. ಕರಿ ಗುಂಡಿ ಹಿಡಿದು, “ನನ್ನ ಕೈಗೆ ರಾಜಯೋಗ ಇಲ್ಲ ಕಣೇ” ಎಂದು ಹೆಂಡತಿಗೆ ತೋರಿಸುತ್ತಿದ್ದರು. ನೀನೂ ಒಂದು ತೆಗೆ ಎಂದರೆ ಅವಳು ಮಂಡಿನೋವು ಎನ್ನುತ್ತಿದ್ದಳು.

ಪಿರಮಿಡ್ ಮುಗಿಯುವ ಮೊದಲೇ ಅಜ್ಜ ಹೋದರು. ಬೆಳಗ್ಗೆ ಹಲ್ಲುಜ್ಜಲು ಹೋದವರು ಬಚ್ಚಲಲ್ಲೇ ಕುಸಿದರು.

ಪಾಠವನ್ನು ಅಜ್ಜಿ ಕೈಗೆತ್ತಿಕೊಂಡಳು. ಅವಳು ಓದಿದ್ದು ನಾಲ್ಕನೇ ಕ್ಲಾಸು. ನಿಮಗ್ಯಾಕೆ ಈ ತಾಪತ್ರಯ ಅತ್ತೆ ಎಂದು ಸೊಸೆ ಅಂದಳು. ಅಜ್ಜಿ ಕೇಳಲಿಲ್ಲ. ಅವರು ಹಿಡಿದ ಕೆಲಸ ಅರ್ಧಕ್ಕೆ ಬೀಳಬಾರದು. ಸಾಲಿನ ಕೆಳಗೆ ಬೆರಳಿಟ್ಟು ಓದಿದಳು. ಓದಲಾಗದ್ದನ್ನು ಹಾರಿಸಿದಳು. ಕಾಲುವೆ ಅಗೆಸಿದಳು, ಕೋಟೆ ಗೋಡೆ ಕಟ್ಟಿಸಿದಳು. ಮಕ್ಕಳು ಸುಮ್ಮನೆ ಕೂರುವುದಕ್ಕಿಂತ ಮೇಲಲ್ಲವೇ.

ಟೋಪಿ ಮಾತ್ರ ಗುಂಡಿಗಳ ಸಮೇತ ಗೋಡೆಯ ಮೊಳೆಯಲ್ಲೇ ಇತ್ತು. ಅದರಲ್ಲಿ ಅವರ ತಲೆಯೆಣ್ಣೆಯ ವಾಸನೆ ಇತ್ತು. ಮಕ್ಕಳ ಕೈ ತಾಗಿದರೆ ಅದೂ ಹೋಗುತ್ತದೆ ಎಂದು ಅವಳು ಅದನ್ನು ಇಳಿಸಲಿಲ್ಲ. ಯಾರು ಏನೆಂದು ತಾನೇ ಹೇಳಿಬಿಡುತ್ತಿದ್ದಳು. ಬೇಗ ಆಗುತ್ತಿತ್ತು.

ಒಂದು ಮಧ್ಯಾಹ್ನ ಇಸ್ತ್ರಿಯವಳು ಬಟ್ಟೆ ಗಂಟು ತಂದು ಬಾಗಿಲಲ್ಲಿ ನಿಂತಳು. ನಾಳೆಯಿಂದ ಮಗಳು ಪಾಠಕ್ಕೆ ಬರುವುದಿಲ್ಲ ಎಂದಳು. ಅಜ್ಜಿ ಯಾಕೆ ಎಂದಳು. ಇಸ್ತ್ರಿಯವಳು ಅಂಗಿಯ ಮಡಿಕೆಯನ್ನೇ ನೋಡುತ್ತಿದ್ದಳು. ಕೋಪವೇನೂ ಇರಲಿಲ್ಲ.

“ನಿನ್ನೆ ಊಟಕ್ಕೆ ಕೂತಾಗ ಕೇಳಿದ್ಳಮ್ಮ. ಆ ಕಾಲದಲ್ಲೂ ಹೊರೋರು ನಾವೇನಾ ಅಂತ.”

ಅದು ಬರೀ ಆಟ ಎಂದು ಅಜ್ಜಿ ಅಂದಳು. ಮಕ್ಕಳು ಏನೇನೋ ಅನ್ನುತ್ತವೆ ಎಂದೂ ಅಂದಳು. ಇಸ್ತ್ರಿಯವಳು ತಲೆಯಾಡಿಸಿ ಇಳಿದು ಹೋದಳು.

ಅಜ್ಜಿ ಒಳಗೆ ಬಂದು ಮೊಮ್ಮಗನನ್ನು ಕೇಳಿದಳು, ಕಾಲುವೆ ಪಾಠದಲ್ಲಿ ರಾಜ ಯಾರು. ನಾನು ಎಂದ. ಗೋಡೆ ಪಾಠದಲ್ಲಿ? ನಾನೇ. ತಂಗಿ? ಅವಳು ರಾಣಿ, ಇಲ್ಲದಿದ್ದರೆ ನೀರು.

“ಕಲ್ಲು?”

“ಮೆಣಸು. ಅವಳಿಗೆ ಅಭ್ಯಾಸ ಇದೆ ಅಂತ ನೀನೇ ಅಲ್ವಾ ಅಜ್ಜಿ ಹೇಳಿದ್ದು?”

ಹೇಳಿದ್ದಳು. ಯಾವತ್ತು ಎಂಬುದೂ ನೆನಪಾಯಿತು. ಮೊಮ್ಮಗಳ ಹೊಸ ಲಂಗಕ್ಕೆ ಕೆಸರಾದೀತೆಂದು ಅವಳ ಕೈಯಿಂದ ಹಗ್ಗ ತೆಗೆದು ಮೆಣಸಿನ ಕೈಗೆ ಕೊಟ್ಟಿದ್ದಳು. ಬಾಯಿಂದ ಆ ಮಾತು ಉಸಿರು ಬಂದಷ್ಟು ಸಲೀಸಾಗಿ ಬಂದಿತ್ತು. ಪುಸ್ತಕದಲ್ಲಿ ಎಲ್ಲೂ ಬರೆದಿರಲಿಲ್ಲ ಅದು. ಅವಳೇ ಸೇರಿಸಿದ ಪಾಠ.

ಅವರಿದ್ದಿದ್ದರೆ ಬೈಯುತ್ತಿರಲಿಲ್ಲ. ಎದ್ದು ಹೋಗಿ ಆ ಹಗ್ಗವನ್ನು ತಾವೇ ಹಿಡಿಯುತ್ತಿದ್ದರು. ಅದೇ ಬೈಗುಳ.

ಅಜ್ಜಿ ಮೊಳೆಯಿಂದ ಟೋಪಿ ಇಳಿಸಿಕೊಂಡು ಮೊಮ್ಮಕ್ಕಳ ಜೊತೆ ಕೆಳಗಿಳಿದಳು. ಇಸ್ತ್ರಿಪೆಟ್ಟಿಗೆ ಬಟ್ಟೆಯ ಮೇಲೆ ಓಡಾಡುತ್ತಿತ್ತು. ಮೆಣಸು ಮೇಜಿನ ಕೆಳಗೆ ಕೂತು ಅದರ ಹೊದಿಕೆಯ ದಾರ ಎಳೆಯುತ್ತಿದ್ದಳು. ಅಜ್ಜಿಗೆ ದೊಡ್ಡ ಮಾತು ಬರುವುದಿಲ್ಲ.

“ತಪ್ಪು ನಂದು,” ಎಂದಳು.

“ನನ್ಹತ್ರ ಹೇಳಬೇಡಿ ಅಮ್ಮ. ಅವಳಿಗೆ ಹೇಳಿ,” ಎಂದಳು ಇಸ್ತ್ರಿಯವಳು, ಕೈ ನಿಲ್ಲಿಸದೆ.

ಅಜ್ಜಿ ಮಂಡಿ ಹಿಡಿದುಕೊಂಡು ನೆಲಕ್ಕೆ ಕೂತಳು. ಮೇಜಿನ ಕೆಳಗಿನ ಮುಖಕ್ಕೆ ಅದೇ ಮಾತು ಹೇಳಿದಳು. ಹುಡುಗಿ ಅವಳ ಮುಖ ನೋಡಲಿಲ್ಲ, ಟೋಪಿ ನೋಡಿದಳು. ಗುಂಡಿ ಎಲ್ಲಾ ಇದೆಯಾ ಎಂದು ಕೇಳಿದಳು. ಕೈಗೆ ಸುರಿಸಿಕೊಂಡು ಒಂದೊಂದನ್ನೂ ನೋಡಿ ವಾಪಸು ಹಾಕಿದಳು.

ಹಿತ್ತಲಲ್ಲಿ ಹಲಗೆ ಇಟ್ಟರು. ಮೊಮ್ಮಗಳಿಗೆ ಬಿಳಿ ಬಂತು. ಮೊಮ್ಮಗನಿಗೆ ನೀಲಿ. ಮೆಣಸು ಕೈ ಹಾಕಿ, ಕಣ್ಣು ಮುಚ್ಚಿ, ತೆಗೆದಳು. ಕರಿ.

ಇದು ಲೆಕ್ಕಕ್ಕಿಲ್ಲ, ಇನ್ನೊಂದು ಸಲ ತೆಗೆ ಎಂದು ಅಜ್ಜಿ ಗುಂಡಿಗೆ ಕೈಚಾಚಿದಳು. ಹುಡುಗಿ ಮುಷ್ಟಿ ಬಿಗಿ ಹಿಡಿದಳು.

“ಬೇಡ. ಇದು ಟೋಪಿ ಕೊಟ್ಟಿದ್ದು, ನೀವಲ್ಲ. ನಿಮ್ದು ತೆಗೀರಿ.”

ಉಳಿದದ್ದು ಒಂದೇ ಗುಂಡಿ. ನೋಡದಿದ್ದರೂ ಬಣ್ಣ ಗೊತ್ತಿತ್ತು. ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಗ್ಗದ ಒಂದು ತುದಿ ಹಿಡಿದಳು, ಮೆಣಸು ಇನ್ನೊಂದು. ಮಂಡಿ ಕಟಕಟ ಅಂದಿತು. ಹಗ್ಗ ಅಂಗೈ ಉಜ್ಜಿತು. ಇಷ್ಟು ಉರಿಯುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಈ ಮಗುವಿನ ಕೈಯನ್ನು ಅವಳು ಒಂದು ದಿನವೂ ತಿರುಗಿಸಿ ನೋಡಿರಲಿಲ್ಲ.

“ಜೋರಾಗಿ ಎಳೀರಿ ಅಜ್ಜಿ. ತಾತ ಇನ್ನೂ ಜೋರಾಗಿ ಎಳೀತಿದ್ರು.”

ಇಸ್ತ್ರಿಯವಳು ಹಿತ್ತಲ ಬಾಗಿಲಿಗೆ ಬಂದು ನಿಂತು ನೋಡಿದಳು. ನಗಲಿಲ್ಲ. ನಾಳೆಯ ಮಾತನ್ನೂ ಎತ್ತಲಿಲ್ಲ.

ಸಂಜೆ ಅಜ್ಜಿ ಟೋಪಿಯನ್ನು ಮೂಗಿಗೆ ಹಿಡಿದಳು. ಮಣ್ಣು, ಮಕ್ಕಳ ಬೆವರು. ಎಣ್ಣೆಯ ವಾಸನೆ ಎಲ್ಲಿತ್ತೋ ಸಿಗಲಿಲ್ಲ. ಅಳು ಬರಬೇಕಿತ್ತು, ನಾಚಿಕೆ ಬಂತು. ಅವರದೆಂದು ಕಾಪಾಡಿದ್ದು ಬರೀ ವಾಸನೆಯನ್ನು. ಅವರು ಇಟ್ಟುಹೋದದ್ದನ್ನು ಮೊಳೆಗೆ ನೇತುಹಾಕಿದ್ದಳು.

ಮಾರನೆಯ ಬೆಳಗ್ಗೆ ಮೆಣಸು ಬಂದಳು. ಹೊಸ್ತಿಲಾಚೆ ನಿಂತು ಕತ್ತು ಚಾಚಿ, ಟೋಪಿ ಪಾಠದ ಮೇಜಿನ ಮೇಲಿದೆಯೇ ಎಂದು ನೋಡಿದಳು. ಇತ್ತು. ಆಮೇಲೆ ಒಳಗೆ ಕಾಲಿಟ್ಟಳು.

ಈಗಲೂ ದಿನಾ ಹಾಗೇ ನೋಡುತ್ತಾಳೆ. ಅಜ್ಜಿ ಪುಸ್ತಕದ ಮೇಲೆ ಬೆರಳಿಟ್ಟುಕೊಂಡು, ಕಾಣದವಳಂತೆ ಕೂತಿರುತ್ತಾಳೆ.