ಅಪ್ಪ ಬೇಡ ಅನ್ನಲಿಲ್ಲ

ನನ್ನ ತಂಗಿ ಶೈಲಾಳನ್ನು ಟೇಕ್ವಾಂಡೋ ತಂಡದಿಂದ ಕೈಬಿಟ್ಟದ್ದು ಮಾಸ್ತರಲ್ಲ. ಅವಳನ್ನು ಕಳಿಸಲು ಒಪ್ಪದೆ ಹೋದದ್ದು ನಮ್ಮಪ್ಪನೂ ಅಲ್ಲ. ಎರಡೂ ನಾನು ಹೇಳಿದ ಸುಳ್ಳು — ಮಾಸ್ತರಿಗೊಂದು, ತಂಗಿಗೊಂದು, ಒಂದೇ ಸಂಜೆ.

ಆಗ ಕೊಂಕಣ ರೈಲು ಶುರುವಾಗಿ ಕೆಲವೇ ವರ್ಷಗಳಾಗಿದ್ದವು. ನಾವಿಬ್ಬರೂ ನಮ್ಮೂರು ಅಘನಾಶಿನಿಯಿಂದ ಬಸ್ಸು ಹಿಡಿದು ಕುಮಟೆಗೆ ಹೋಗಿ, ಒಂದು ಶಾಲೆಯ ಸಭಾಂಗಣದಲ್ಲಿ ಟೇಕ್ವಾಂಡೋ ಕಲಿಯುತ್ತಿದ್ದೆವು. ಮೊದಲು ಸೇರಿದವನು ನಾನು. ಶೈಲಾ ಸುಮ್ಮನೆ ನನ್ನ ಜೊತೆ ಬಂದವಳು. ವರ್ಷ ಕಳೆಯುವುದರೊಳಗೆ ಅವಳ ಒದೆ ತಡೆಯುವುದು ನನ್ನಿಂದ ಆಗದಾಯಿತು. ಒಮ್ಮೆ ಅಭ್ಯಾಸದಲ್ಲಿ, ಎಲ್ಲರೆದುರು, ನನ್ನ ತಲೆಗೆ ಒದ್ದು ಕೆಡವಿದಳು. ಕೈಹಿಡಿದು ಎಬ್ಬಿಸಿದವಳೂ ಅವಳೇ. ಆ ಸುದ್ದಿ ನನಗಿಂತ ಮೊದಲು ಊರು ಮುಟ್ಟಿತ್ತು. ಅಪ್ಪನ ದೋಣಿಯವರು ನನ್ನನ್ನು ಕಂಡಾಗಲೆಲ್ಲ ತಮ್ಮ ತಲೆ ಮುಟ್ಟಿಕೊಂಡು ನಗುತ್ತಿದ್ದರು.

ಅದೇ ವರ್ಷ ಗೋವಾದಲ್ಲಿ ಗಂಡಸರಿಗೂ ಹೆಂಗಸರಿಗೂ ಅಂತರರಾಷ್ಟ್ರೀಯ ಪಂದ್ಯಾವಳಿ ಬಂತು. ನೇಪಾಳ, ಶ್ರೀಲಂಕಾದಿಂದೆಲ್ಲ ಬರುವವರಿದ್ದರು. ಮಾಸ್ತರು ನಮ್ಮಿಬ್ಬರ ಹೆಸರನ್ನೂ ಹೇಳಿದರು. ಅಪ್ಪ — ಸಮುದ್ರಕ್ಕೆ ಹೋಗುವವ, ಟೇಕ್ವಾಂಡೋ ಎಂಬ ಶಬ್ದ ಬಾಯಿಗೆ ಬಾರದವ — ಒಂದು ಮಾತೂ ಎದುರಾಡದೆ, "ಇಬ್ರೂ ಹೋಗ್ ಬನ್ನಿ. ತಂಗಿ ಮೇಲೆ ಕಣ್ಣಿರ್ಲಿ" ಎಂದ. ಅವಳಿಗೆಂದು ಪಕ್ಕದ ಮನೆಯಿಂದ ಒಂದು ಒಳ್ಳೆಯ ಚೀಲವನ್ನೂ ಕೇಳಿ ತಂದ.

ಮರುದಿನ ಮಾಸ್ತರ ಬಳಿ ನಾನೊಬ್ಬನೇ ಹೋದೆ. "ಶೈಲಾ ಬರುದಿಲ್ಲ ಸರ್. ಅಪ್ಪ ಬೇಡ ಹೇಳಿದ. ಹುಡುಗಿ ಅಷ್ಟು ದೂರ ಎಂತಕ್ಕೆ ಅಂತ." ಮನೆಗೇ ಬಂದು ಮಾತಾಡುತ್ತೇನೆ ಎಂದರು ಮಾಸ್ತರು. ಬಂದರೆ ಅಪ್ಪ ನನ್ನನ್ನೂ ಬಿಡಲಿಕ್ಕಿಲ್ಲ ಎಂದೆ. ಆಮೇಲೆ ಮನೆಗೆ ಬಂದು ತಂಗಿಗೆ ಹೇಳಿದೆ: "ನಿನ್ನ ಹೆಸ್ರು ಬಿಟ್ರು. ಹುಡ್ಗೀರಲ್ಲಿ ಭಟ್ಕಳದವ್ಳು ಒಬ್ಳು ಸಾಕಂತೆ." ಅವಳ ಬಾಯಿಂದ ಅಪ್ಪನೂ ಅದನ್ನೇ ಕೇಳಿದ.

ನನಗೆ ಇಂದಿಗೂ ತಲೆ ಕೆಡುವುದು ಇಲ್ಲಿಯೇ. ಎಷ್ಟು ಸಲೀಸಾಗಿ ನಂಬಿದರು! ಮೀನು ಹಿಡಿಯುವ ಅಪ್ಪ ಮಗಳನ್ನು ಕಳಿಸುವುದಿಲ್ಲ ಎಂದರೆ — ಇರಬಹುದು. ಪೇಟೆಯ ಮಾಸ್ತರು ಹಳ್ಳಿಯ ಹುಡುಗಿಯನ್ನು ಬಿಟ್ಟರು ಎಂದರೆ — ಅದೂ ಇರಬಹುದು. ಒಬ್ಬರಾದರೂ ಇನ್ನೊಬ್ಬರನ್ನು ಒಂದು ಮಾತು ಕೇಳಬಾರದಿತ್ತೇ? ಕೇಳಿದ್ದರೆ ನಾನು ಅಂದೇ ಸಿಕ್ಕಿಬಿದ್ದು... ನೋಡಿ, ತಪ್ಪು ನನ್ನದು, ಸಿಟ್ಟು ಅವರ ಮೇಲೆ. ಇಷ್ಟು ವರ್ಷ ಹೀಗೆಯೇ ಕಳೆದೆ.

ಗೋವಾದಲ್ಲಿ ಮೊದಲ ಪಂದ್ಯದಲ್ಲೇ ನೇಪಾಳದ ಸಪೂರ ಹುಡುಗನೊಬ್ಬನಿಗೆ ಸೋತೆ. ಆಮೇಲೆ ಬೇರೆ ಕೆಲಸವಿಲ್ಲದೆ ಹೆಂಗಸರ ಪಂದ್ಯ ನೋಡುತ್ತ ಕೂತೆ. ಶೈಲಾಳ ತೂಕದ ಹುಡುಗಿಯರು ಒಬ್ಬೊಬ್ಬರಾಗಿ ಬಂದು ಆಡಿ ಹೋದರು. ಅವಳಿದ್ದಿದ್ದರೆ ಗೆಲ್ಲುತ್ತಿದ್ದಳೋ ಸೋಲುತ್ತಿದ್ದಳೋ — ಗೊತ್ತಿಲ್ಲ. ಯಾರಿಗೂ ಎಂದೂ ಗೊತ್ತಾಗದ ಹಾಗೆ ಮಾಡಿದವನು ನಾನು.

ಅವಳು ಮತ್ತೆ ತರಗತಿಗೆ ಕಾಲಿಡಲಿಲ್ಲ. ಮದುವೆಯಾಗಿ ಭಟ್ಕಳಕ್ಕೆ ಹೋದಳು. ನಾನು ಮೀನಿನ ಟೆಂಪೋ ಓಡಿಸುವವನಾದೆ. ಕುಮಟೆ, ಹೊನ್ನಾವರ, ಭಟ್ಕಳ — ದಿನವೂ ಅದೇ ದಾರಿ. ಮಾಸ್ತರೂ ಆ ಮೂರೂ ಊರಲ್ಲಿ ತರಗತಿ ನಡೆಸತೊಡಗಿದರು. ಸಿಕ್ಕಾಗಲೆಲ್ಲ ಅವರದು ಒಂದೇ ಮಾತು: ನಿನ್ನಪ್ಪ ಒಂದು ಒಳ್ಳೆಯ ಹುಡುಗಿಯನ್ನು ಹಾಳುಮಾಡಿದ. ತಂಗಿಯ ಮನೆಗೆ ಹೋದರೆ: ಆ ಮಾಸ್ತರು ಮುಖ ನೋಡಿ ಮಣೆ ಹಾಕುವವರು. ಊರಿಗೆ ಬಂದರೆ ಅಪ್ಪ: ಆ ಮನುಷ್ಯ ಪೇಟೆಯಲ್ಲಿ ಕಂಡರೆ ಮುಖ ತಿರುಗಿಸುತ್ತಾನೆ, ಅವನಿಗೆ ನಾನೇನು ಮಾಡಿದ್ದೇನೆ? ಮೂವರ ದೂರನ್ನೂ ಕೇಳಿಸಿಕೊಂಡು ಮೂವರಿಗೂ "ಹೌದು, ಹೌದು" ಎನ್ನುವವನು ನಾನು. ಸಾಕಾಗಿ ಹೋಗಿತ್ತು. ಅಪ್ಪ ಹಾಗೆ ಕೇಳುತ್ತ ಕೇಳುತ್ತಲೇ ತೀರಿಕೊಂಡ — ಆಗಲೂ ನಾನು ಬಾಯಿ ಬಿಡಲಿಲ್ಲ.

ಕಳೆದ ವರ್ಷ ಶೈಲಾಳ ಮಗಳು ಮಾಸ್ತರ ತರಗತಿಗೆ ಸೇರುತ್ತೇನೆಂದು ಹಟ ಹಿಡಿದಳು. ಶೈಲಾ ಅವಳಿಗೊಂದು ಬಾರಿಸಿದಳು. ಅವಳು ಮಗುವಿನ ಮೇಲೆ ಕೈಯೆತ್ತಿದ್ದನ್ನು ನಾನು ಅದೇ ಮೊದಲು ನೋಡಿದ್ದು. "ಅಲ್ಲಿ ಸೇರ್ಸಿ ಎಂತ ಮಾಡುದು? ನಾಳೆ ಇದ್ರ ಹೆಸ್ರೂ ಬಿಡ್ತಾರೆ" ಎಂದಳು. ಆಗ ಹೇಳಿಬಿಟ್ಟೆ. ಹೊಸಿಲ ಬಳಿ ನಿಂತಲ್ಲೇ, ಎಲ್ಲವನ್ನೂ.

ಅವಳು ಬಯ್ಯಲಿಲ್ಲ. ಬೇಸತ್ತವಳಂತೆ, ಯಾಕೆ ಎಂದು ಕೇಳಿದಳು. ನೀನು ನನಗಿಂತ ಚೆನ್ನಾಗಿ ಆಡುತ್ತಿದ್ದೆ ಎಂದೆ.

"ಅದು ನಂಗೆ ಗೊತ್ತಿತ್ತು," ಎಂದಳು. ಆಮೇಲೆ, "ನನ್ ವಿಷ್ಯ ನಾನು ಮಾಸ್ತರಿಗೆ ಹೇಳ್ತೆ. ಅಪ್ಪನ ವಿಷ್ಯ ಮೊದ್ಲು ನೀನು ಹೇಳು. ಎಲ್ರೆದುರು ಹೇಳು."

ಎಲ್ಲರೆದುರು ಎಂದರೆ ಏನೆಂದು ಮುಂದಿನ ಭಾನುವಾರ, ಮಗಳನ್ನು ಸೇರಿಸಲು ಹೊರಟ ಶೈಲಾಳ ಜೊತೆ ಭಟ್ಕಳದ ತರಗತಿಗೆ ಹೋದಾಗ ತಿಳಿಯಿತು. ಹೊಸ ಮಕ್ಕಳ ತಂದೆತಾಯಿಯರನ್ನು ಕೂರಿಸಿ ಮಾಸ್ತರು ಮೊದಲು ಹೇಳುವುದೇ ನಮ್ಮಪ್ಪನ ಕತೆ — ಹೆಸರೆತ್ತದೆ. ಅಂಥ ತಂದೆ ಆಗಬೇಡಿ ಎಂದು. ಮೂರೂ ಊರಲ್ಲಿ, ಪ್ರತಿ ವರ್ಷವೂ ಹೇಳುತ್ತಿದ್ದರಂತೆ. ಅವರು ಮುಗಿಸುವ ತನಕ ಕಾದೆ. ಎದ್ದು ನಿಂತು, ಆ ತಂದೆ ಬೇಡ ಅನ್ನಲಿಲ್ಲ, ಆ ಮಾತು ಕಟ್ಟಿದವನು ನಾನು, ಅವರ ಮಗ ಎಂದೆ.

ಮಾಸ್ತರು ನನ್ನನ್ನೇ ನೋಡಿದರು. ಮಗಳ ಕೈ ಹಿಡಿದು ಹಿಂದೆ ನಿಂತಿದ್ದ ಶೈಲಾ ನನ್ನ ಕಡೆ ನೋಡಲಿಲ್ಲ. ಮುಂದೆ ಕೂತಿದ್ದ ತಾಯಿಯೊಬ್ಬರು ಮಾತ್ರ ಮೆಲ್ಲಗೆ ಕೇಳಿದರು — ನಿಮ್ಮ ತಂದೆಗೆ ಇದು ಗೊತ್ತಾಯ್ತಾ?

ಇಲ್ಲ ಎಂದೆ.