ಮೂರು ಹನಿ ತೀರ್ಥ

ನನ್ನ ಮಗಳ ಹೊಟ್ಟೆಯ ಬಲಗಡೆ ಬೆರಳುದ್ದದ ಒಂದು ಗಾಯದ ಗುರುತಿದೆ. ಮೈಗೆ ನೀರು ಎರೆಯುವಾಗ ಈಗಲೂ ನನ್ನ ಕೈ ಅಲ್ಲಿ ತುಸು ನಿಧಾನವಾಗುತ್ತದೆ. ಆಗ ಅವಳಿಗೆ ಆರು ವರ್ಷ. ಅಪೆಂಡಿಕ್ಸ್ ಒಡೆದು, ಬೀಳಗಿಯಿಂದ ಜಮಖಂಡಿಯ ಆಸ್ಪತ್ರೆಗೆ ಒಯ್ದು ಆಪರೇಷನ್ ಮಾಡಿಸಿದೆವು. ನಾಲ್ಕು ದಿನಕ್ಕೆ ಮನೆಗೆ ಹೋಗುತ್ತೇವೆ ಅಂದುಕೊಂಡವರು ಎರಡು ವಾರಕ್ಕಿಂತ ಹೆಚ್ಚು ಅಲ್ಲೇ ಉಳಿದೆವು.

ಆರನೆಯ ದಿನ ಜ್ವರ ಬಂತು. ಸ್ಕ್ಯಾನ್ ಮಾಡಿ ನೋಡಿದ ಡಾಕ್ಟರರು, ಹೊಟ್ಟೆಯೊಳಗೆ ಕೀವು ಕೂಡಿದೆ, ಇನ್ನೊಮ್ಮೆ ಮಲಗಿಸಿ ತೊಳೆಯಬೇಕು ಅಂದರು. ಒಡೆದ ಮೇಲೆ ಬಂದವರಿಗೆ ಹೀಗಾಗುವುದುಂಟಂತೆ. ಮರುದಿನ ಹತ್ತು ಗಂಟೆಗೆ ಅಂತ ಗೊತ್ತುಮಾಡಿದರು. ಬೆಳಗಿನಿಂದ ಬಾಯಿಗೆ ಏನೂ ಹಾಕಬೇಡಿ, ನೀರು ಸಹ ಬೇಡ ಎಂದು ಸಿಸ್ಟರು ಎರಡೆರಡು ಸಲ ಹೇಳಿಹೋದರು.

ನಮ್ಮ ಮನೆಯವರು ಬಾಡಗಂಡಿ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾರೆ. ಕಬ್ಬು ನುರಿಸುವ ಕಾಲ, ಮಧ್ಯಾಹ್ನದ ಹೊತ್ತಿಗೆ ಬರುವವರಿದ್ದರು. ಅತ್ತೆ ಮಾತ್ರ ಬೆಳಗಿನ ಮೊದಲ ಬಸ್ಸಿಗೇ ಬಂದಿಳಿದರು. ಸೆರಗಿನ ಗಂಟಿನಲ್ಲಿ ಬೀರಪ್ಪನ ಭಂಡಾರ, ಕೈಯಲ್ಲಿ ಸಣ್ಣ ಬಾಟಲಿ ತುಂಬ ಗುಡಿಯ ತೀರ್ಥ. ಭಂಡಾರವೆಂದರೆ ಅರಿಶಿನದ ಪುಡಿಯೇ, ಆದರೆ ದೇವರ ಮುಂದಿಟ್ಟದ್ದು. ಮೊಮ್ಮಗಳ ಹಣೆಗೆ ಹಚ್ಚಿ, "ಇಕಿಗಿ ಮೂರ್ ಹನಿ ತೀರ್ಥಾ ಕೊಡ ಬೇ, ನಾ ಮಾರಿ ತೊಳಕೊಂಡ್ ಬರ್ತೀನಿ" ಎಂದು ಹೋದರು.

ಮಗಳ ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಅಂಗೈಯಲ್ಲಿ ಹಾಕಿ ಕೊಟ್ಟೆ. ಮೂರು ಸಲ ಹೀರಿ ನನ್ನ ಕೈ ಬಿಡಲೇ ಇಲ್ಲ.

"ಯವ್ವಾ, ಇನ್ನೊಂದ ಗುಟುಕ."

ಕೊಟ್ಟೆ. ಮತ್ತೊಂದು ಗುಟುಕು ಕೇಳಿದಳು. ಬಾಟಲಿ ಅರ್ಧಕ್ಕೆ ಬಂತು.

ಸ್ವಲ್ಪ ಹೊತ್ತಿಗೆ ಸಿಸ್ಟರು ಫಾರಂ ಹಿಡಿದುಕೊಂಡು ಬಂದರು. "ಏನರ ತಿನಿಸೀರೇನ್ರಿ? ಕುಡಿಸೀರೇನ್ರಿ?"

"ಇಲ್ರಿ ಅಕ್ಕಾರ. ಒಂದ ಹನಿ ನೀರ ಸೈತ ಕೊಟ್ಟಿಲ್ಲ."

ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಅನಿಸಲೇ ಇಲ್ಲ. ನಮ್ಮ ಮನೆಯಲ್ಲಿ ಉಪವಾಸದ ದಿನ ನೀರು ಮುಟ್ಟದವರೂ ತೀರ್ಥ ತಗೊಳ್ಳುತ್ತಾರೆ. ಅದರಿಂದ ಉಪವಾಸ ಮುರಿಯುವುದಿಲ್ಲ. ತೀರ್ಥವನ್ನು ನೀರಿನ ಲೆಕ್ಕಕ್ಕೆ ಹಿಡಿದವರನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಆಪರೇಷನ್ ಕೋಣೆಯ ಬಾಗಿಲಲ್ಲಿ ಅರಿವಳಿಕೆ ಕೊಡುವ ಡಾಕ್ಟರಮ್ಮ ಮಗಳ ಗದ್ದ ಹಿಡಿದು ಮಾತಾಡಿಸಿದರು. "ಏನವ್ವ, ಭಾಳ ನೀರಡಿಕಿ ಆಗೇತೇನ?"

"ಇಲ್ರಿ. ಯವ್ವ ದೇವರ ನೀರ ಕುಡಿಸ್ಯಾಳ್ರಿ."

ಅವರು ನನ್ನ ಕಡೆ ತಿರುಗಿದರು. ಎಷ್ಟು ಅಂದರು. ನಾನು ಬೆರಳಿನಿಂದ ಬಾಟಲಿಯ ಅಳತೆ ತೋರಿಸಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ.

"ನೋಡವ್ವ, ಮಲಗಿಸಿದಾಗ ಹೊಟ್ಟ್ಯಾಗಿನ ನೀರ ಮ್ಯಾಲ ಬಂದ್ರ ಉಸಿರಿನ ಕೊಳವಿಗೆ ಹೋಗತೈತಿ. ಜೀವಕ್ಕ ಬರತೈತಿ. ದೇವರ ನೀರೋ ನಳದ ನೀರೋ, ಆ ಕೊಳವಿಗೆ ಗೊತ್ತಾಗಂಗಿಲ್ಲ. ಕೂಸು ಹೇಳಿದ್ದು ಛಲೋ ಆತು. ಮಧ್ಯಾಹ್ನ ಮಾಡೋಣು."

ಮಗಳನ್ನು ಹೊರಗೆ ಕರೆದುಕೊಂಡೆ. ಮಂಚಕ್ಕೆ ಮರಳಿ ಬಂದು ಕೂತೆ. ನಡೆದದ್ದು ಕೇಳಿ ಅತ್ತೆ ಬಾಟಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು.

"ಮೂರ್ ಹನಿ ಅಂದ್ರ ಅರ್ಧ ಬಾಟ್ಲಿ ಇಳಿಸೀಯಲ್ಲ! ಬೀರಪ್ಪ ಏನ್ ನಳದಾಗ ಬರ್ತಾನೇನ?"

"ಕೊಡಂತ ಹೇಳಿದವ್ರು ನೀವ ಅಲ್ಲೇನ್ರಿ ಅತ್ತಿ?"

"ಹೂಂ, ನಾನ ಹೇಳೀನಿ" ಎಂದು ಅವರು ಮೆತ್ತಗಾದರು. "ಇಬ್ಬರೂ ಕೂಡಿ ಶ್ಯಾಣೇರಾದಿವಿ, ತಗೋ."

ಮೊದಲ ಮೂರು ಹನಿ ದೇವರ ಹೆಸರಿಗೆ ಕೊಟ್ಟದ್ದು ಖರೆ. ಉಳಿದದ್ದು ಅವಳ ಬಾಯಾರಿಕೆ ನೋಡಲಾಗದೆ ಕೊಟ್ಟದ್ದು. ಬರೇ ನೀರಾಗಿದ್ದರೆ ನನಗೆ ಧೈರ್ಯ ಬರುತ್ತಿರಲಿಲ್ಲ. ದೇವರನ್ನು ಮುಂದೆ ಮಾಡಿಕೊಂಡೆ. ಬೀರಪ್ಪನಿಗೆ ಅಂದೇ ಮನಸ್ಸಿನಲ್ಲಿ ತಪ್ಪುಕಾಣಿಕೆ ಹೇಳಿಕೊಂಡೆ. ಸುಳ್ಳು ಗೊತ್ತಿಲ್ಲದ ನಾಲಿಗೆಯನ್ನು ಮಗಳಿಗೆ ಕೊಟ್ಟಿದ್ದಕ್ಕೆ ಕೈಯನ್ನೂ ಮುಗಿದೆ.

ಮಧ್ಯಾಹ್ನ ಒಳಗೆ ಒಯ್ದರು. ಅಷ್ಟೊತ್ತಿಗೆ ಮನೆಯವರೂ ಬಂದಿದ್ದರು, ಅಂಗಿಯ ತುಂಬ ಕಬ್ಬಿನ ಕಾಕಂಬಿಯ ವಾಸನೆ. ಅವರಿಗೆ ಎಲ್ಲವನ್ನೂ ಹೇಳಿದೆ. ನನ್ನ ಪಕ್ಕದಲ್ಲೇ ಒತ್ತಿ ಕೂತರು. ಅದೂ ಒಂದು ಉಪಕಾರವೇ. ಹೊರಗೆ ಬಂದ ಮಗಳು ನಿದ್ದೆಗಣ್ಣಿನಲ್ಲಿ ಅತ್ತೆಯ ಬೆರಳು ಹಿಡಿದಳು. ಉಸಿರು ಹದವಾಗಿ ಆಡುತ್ತಿತ್ತು. ಎಷ್ಟೋ ಹೊತ್ತು ಅದನ್ನೇ ನೋಡಿದೆ.

ಆಮೇಲೆ ಮತ್ತೆ ಕಾಯುವುದು. ಹೊಟ್ಟೆಯ ಗಾಳಿ ಹೋಗುವ ತನಕ ನೀರಿಲ್ಲ ಅಂದಿದ್ದರು. ಬಲಗಡೆ ಮಂಚದ ರಬಕವಿಯ ಅಜ್ಜಿ ಬೆಳಿಗ್ಗೆ ಎದ್ದೊಡನೆ, "ನಮ್ಮ ರಾಣಿ ತುತ್ತೂರಿ ಊದಿದ್ಳೇನ?" ಅನ್ನುವರು. ಮಗಳಿಗೆ ನಾಚಿಕೆ, ಚಾದರದೊಳಗೆ ಮುಖ ಮುಚ್ಚುವಳು. ಒಣಗಿದ ತುಟಿಗೆ ಹಸಿ ಬಟ್ಟೆ ಮುಟ್ಟಿಸಲು ಒಪ್ಪಿಗೆ ಇತ್ತು, ಅಷ್ಟೇ ಮಾಡಿದೆ. ಉಳಿದರ್ಧ ತೀರ್ಥ ಕಿಟಕಿಯಲ್ಲೇ ಇತ್ತು. ಅತ್ತೆ ಆ ಕಡೆ ನೋಡಲೂ ಇಲ್ಲ.

ಮೂರನೆಯ ದಿನ ಬೆಳಗಿನ ಎಂಟಕ್ಕೆ ತುತ್ತೂರಿ ಊದಿತು. ಅಜ್ಜಿ ಚಪ್ಪಾಳೆ ತಟ್ಟಿದರು. ಸಿಸ್ಟರು ಡಾಕ್ಟರರನ್ನು ಕೇಳಿ ಬಂದು, "ಒಂದೊಂದ ಚಮಚಾ ಕೊಡ್ರಿ" ಅಂದರು. ಚಮಚಕ್ಕೆ ನೀರು ಹಾಕಿದೆ. ಅವಳ ಬಾಯಿಯ ಹತ್ತಿರ ಒಯ್ದೆ.

ಮಗಳು ಬಾಯಿ ತೆರೆಯಲಿಲ್ಲ. ನನ್ನ ತೋಳಿನಾಚೆ ಇಣುಕಿ ಕೇಳಿದಳು.

"ಅಕ್ಕಾರ, ಯವ್ವ ಕೊಡಾಕತ್ತಾಳ್ರಿ. ಕುಡೀಲೇನ್ರಿ?"

"ಕುಡಿಯವ್ವ, ಕುಡಿ" ಎಂದು ಸಿಸ್ಟರು ನಕ್ಕರು.

ಕುಡಿದಳು. ಎರಡನೆಯ ಚಮಚಕ್ಕೂ ಅವರನ್ನೇ ಕೇಳಿದಳು, ಮೂರನೆಯದಕ್ಕೂ. ನನಗೆ ಬೇಸರವಾಗಲಿಲ್ಲ. ಅವಳು ಕೇಳಿ ಮುಗಿಸುವ ತನಕ ಚಮಚ ಹಿಡಿದು ಕಾದೆ.