‘ಎಚ್’ಗೊಂದು ಪರಲೋಕ ಮಂತ್ರ

ನಮ್ಮ ಮನೆಯಲ್ಲಿ ಈಗ ಸಂಜೆಯ ಜಪಸರ ಹೇಳಿಸುವುದು ಮೊಬೈಲು. ಅದರೊಳಗಿನ ಹೆಂಗಸು ಬಹಳ ಶಿಸ್ತಿನವಳು. ಕೆಮ್ಮುವುದಿಲ್ಲ, ನಡುವೆ ಎದ್ದು ಕುಕ್ಕರು ಆರಿಸಲು ಓಡುವುದಿಲ್ಲ, ಮಾತೆ ಮರಿಯಳಿಗೆ ನಮಸ್ಕಾರ ಹೇಳುತ್ತಲೇ ಬೆಕ್ಕನ್ನು ಗದರಿಸುವುದಿಲ್ಲ. ನಿನ್ನೆ ಅವಳು ಕೊನೆಯ ಆಮೆನ್ ಹೇಳಿದ್ದೇ ತಡ, ಬಿರಿಯಾನಿ ಮಸಾಲೆಯ ಜಾಹೀರಾತು ಶುರುವಾಯಿತು. ಹೆಂಡತಿ ಎದ್ದು ಅಡುಗೆಮನೆಗೆ ನಡೆದಳು. ನಾನು ಮೊಣಕಾಲೂರಿಯೇ ಇದ್ದೆ.

“ಎಂತ, ಮೊಣಕಾಲು ಹಿಡ್ಕೊಂಡಿತಾ?” ಎಂದು ಅಲ್ಲಿಂದಲೇ ಕೇಳಿದಳು.

ಹಿಡಿದುಕೊಂಡದ್ದು ಹೌದು. ಆದರೆ ನಾನು ಕಾಯುತ್ತಿದ್ದದ್ದು ಉಳಿದ ಪ್ರಾರ್ಥನೆಗೆ. ಜಪಸರ ಮುಗಿಯಿತೆಂದರೆ ಪ್ರಾರ್ಥನೆ ಮುಗಿಯಿತೆಂದಲ್ಲ ಎಂದು ನನ್ನ ಮೊಣಕಾಲುಗಳಿಗೆ ಪಾಠ ಮಾಡಿದವಳು ರೆಜಿನಾ ಮಾವ್ಶಿ.

ಮಾವ್ಶಿ ಎಂದರೆ ನಮ್ಮ ಕೊಂಕಣಿಯಲ್ಲಿ ತಾಯಿಯ ಸಹೋದರಿ. ಅವಳ ಗಂಡ ಲಾದ್ರು ಬಾಪ್ಪು. ಕೇರಳದ ಮುಳ್ಳೇರಿಯದ ಶಾಲೆಯಲ್ಲಿ ನನಗೆ ತಾತ್ಕಾಲಿಕ ಮೇಷ್ಟರ ಕೆಲಸ ಸಿಕ್ಕಿದಾಗ ನಾನು ಉಳಿದುಕೊಂಡದ್ದು ಗುಡ್ಡದ ಮೇಲಿನ ಅವರ ಮನೆಯಲ್ಲಿ. ಊಟ ಪುಕ್ಕಟೆ. ಆದರೆ ಊಟಕ್ಕೆ ಮೊದಲು ಜಪಸರ, ಜಪಸರದ ಬಾಲದಲ್ಲಿ ಒಂದೊಂದು ಕೋರಿಕೆಗೆ ಒಂದೊಂದು ಪರಲೋಕ ಮಂತ್ರ. ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂದು ಶುರುವಾಗುವ ಆ ಮಂತ್ರದ ಮೊದಲರ್ಧವನ್ನು ಒಬ್ಬರು ಹೇಳಬೇಕು, ಉಳಿದರ್ಧವನ್ನು ಮಿಕ್ಕವರು ಒಟ್ಟಾಗಿ ಹೇಳಿ ಮುಗಿಸಬೇಕು. ಕೋರಿಕೆ ಯಾರದ್ದೇ ಇರಲಿ, ಎಲ್ಲರೂ ಸೇರಿ ಕೇಳಿದ ಹಾಗೆ ಆಗುತ್ತದೆ. ಒಬ್ಬನೇ ಹೋಗಿ ಕೇಳಿದರೆ ಸಿಗದ್ದು ನಾಲ್ಕು ಜನ ಹೋದರೆ ಸಿಗುತ್ತದಲ್ಲ, ದೇವರ ಹತ್ತಿರವೂ ಅದೇ ಉಪಾಯ.

ಈ ಬಾಲಕ್ಕೆ ಬೆಳೆಯುವುದು ಗೊತ್ತಿತ್ತು, ಮೊಟಕಾಗುವುದು ಗೊತ್ತಿರಲಿಲ್ಲ. ಹಿಂದೊಮ್ಮೆ ಹಸುವಿನ ಕೆಚ್ಚಲು ಬಾತಾಗ ಒಂದು ಪರಲೋಕ ಮಂತ್ರ ಸೇರಿತ್ತು. ಕೆಚ್ಚಲು ಗುಣವಾಯಿತು, ಹಸುವನ್ನು ಬೆಳ್ಳೂರಿನವರಿಗೆ ಮಾರಿಯೂ ಆಯಿತು. ಪ್ರಾರ್ಥನೆ ಮಾತ್ರ ಹಟ್ಟಿಯಲ್ಲೇ ಉಳಿಯಿತು. ಸಾಕಲ್ಲವಾ ಎಂದು ಕೇಳಿದ್ದಕ್ಕೆ ಮಾವ್ಶಿ, “ಬೆಳ್ಳೂರಿನಲ್ಲಿ ಪುನಃ ಬಾತರೆ? ಆಗ ಎಂತ ಮಾಡುವುದು?” ಎಂದಳು. ಯಾರದೋ ಗಲ್ಫ್ ವೀಸಾಕ್ಕೂ ಒಂದು ಇತ್ತು. ಆತ ಗಲ್ಫಿಗೆ ಹೋಗಿ, ದುಡಿದು, ವಾಪಸು ಬಂದು ಬೇಕರಿ ಇಟ್ಟು ತೂಕವನ್ನೂ ಏರಿಸಿಕೊಂಡಿದ್ದ. ನಾವು ಪ್ರತಿ ಸಂಜೆ ಅವನನ್ನು ವಿಮಾನ ಹತ್ತಿಸುತ್ತಲೇ ಇದ್ದೆವು. ಅಷ್ಟರಲ್ಲಿ ಗಂಜಿ ಆರಿ, ಒಣಮೀನಿನ ಚಟ್ನಿಯ ಮೇಲೆ ಇರುವೆ ಹತ್ತುತ್ತಿತ್ತು. ನಾನು ಮನಸ್ಸಿನಲ್ಲಿ ಆ ಬೇಕರಿಯವನಿಗೆ ಬೈಯುತ್ತಾ ಉಳಿದರ್ಧ ಹೇಳುತ್ತಿದ್ದೆ.

ಎಲ್ಲಕ್ಕಿಂತ ಕೊನೆಗೆ ಬಾಪ್ಪು ಗಂಟಲು ಸರಿಮಾಡಿ, “ನನ್ನ ಬಾಬ್ತು ಒಂದು,” ಎನ್ನುತ್ತಿದ್ದರು. ಎಂತಕ್ಕೆ ಎಂದು ಹೇಳುತ್ತಿರಲಿಲ್ಲ. ಮನಸ್ಸಿನ ಕೋರಿಕೆಯನ್ನು ಕೇಳಬಾರದೆಂಬುದು ಮನೆಯ ಮರ್ಯಾದೆ. ಅವರು ಅರ್ಧ ಹೇಳುತ್ತಿದ್ದರು, ನಾನೂ ಮಾವ್ಶಿಯೂ ಉಳಿದರ್ಧ ಹೇಳಿ ಏಳುತ್ತಿದ್ದೆವು.

ಬಾಪ್ಪುವಿನ ಕಣ್ಣಿನ ನರ ಸೋತು ಕಾರು ಬಿಡುವುದು ನಿಂತಿತ್ತು. ಹಳೆಯ ಬಿಳಿ ಕಾರು ಶೆಡ್ಡಿನಲ್ಲಿತ್ತು. ಭಾನುವಾರ ನಮ್ಮ ಗುಡ್ಡಕ್ಕೆ ಬಸ್ಸಿಲ್ಲ. ಇಗರ್ಜಿಗೆ ಹೋಗಲು ಯಾರದಾದರೂ ಜೀಪಿನ ಹಿಂದುಗಡೆ, ಹಲಸಿನಕಾಯಿಗಳ ನಡುವೆ ಜಾಗ ಬೇಡಬೇಕು. ಪೂಜೆಯಲ್ಲಿ ಮಾವ್ಶಿಯ ರೇಷ್ಮೆ ಸೀರೆಗೆ ಹಲಸಿನ ಮೇಣ. “ದೇವರ ಹತ್ತಿರ ಎಷ್ಟು ಬೇಕಾದರೂ ಕೇಳಿಯೇನು,” ಎನ್ನುತ್ತಿದ್ದಳು. “ದೇವರು ಕೊಟ್ಟದ್ದನ್ನು ಊರಿಡೀ ಹೇಳಿಕೊಂಡು ತಿರುಗುವುದಿಲ್ಲ.” ಅಜ್ಜಿಯಾಗುವ ವಯಸ್ಸಿನಲ್ಲಿ ಅವಳು ಡ್ರೈವಿಂಗ್ ಕಲಿಯಲು ಹೊರಟದ್ದು ಈ ಬೇಡುವುದು ತಪ್ಪಲಿ ಎಂದು.

ಓಡಿಸಲು ಕಲಿತಳು. ಕೇರಳದಲ್ಲಿ ಅಷ್ಟು ಸಾಲದಲ್ಲ. ಟೆಸ್ಟಿನ ಗ್ರೌಂಡಿನಲ್ಲಿ ಕಬ್ಬಿಣದ ಕಂಬಿಗಳನ್ನು ಇಂಗ್ಲಿಷಿನ ‘ಎಚ್’ ಆಕಾರಕ್ಕೆ ನಿಲ್ಲಿಸಿರುತ್ತಾರೆ. ಅದರೊಳಗೆ ಕಾರನ್ನು ಮುಂದೆ, ಹಿಂದೆ, ಮುಂದೆ, ಹಿಂದೆ ತೆಗೆಯಬೇಕು. ಒಂದು ಕಂಬಿ ಬಿದ್ದರೂ ಫೇಲು. ಆ ಸಂಜೆಯೇ ಪಟ್ಟಿಗೆ ಹೊಸದು ಸೇರಿತು: ‘ಎಚ್’ಗೊಂದು ಪರಲೋಕ ಮಂತ್ರ. ನೆರೆಮನೆಯ ಸರಸ್ವತಿಯಕ್ಕ, “ನಾನು ಮಧೂರಿಗೆ ಹೋಗುವಾಗ ನಿನ್ನ ಹೆಸರಿನಲ್ಲಿ ಗಣಪತಿಗೆ ಅಪ್ಪದ ಸೇವೆ ಮಾಡಿಸ್ತೇನೆ,” ಎಂದರು. “ಮಾಡಿಸಿ ಅಕ್ಕ. ನಮ್ಮ ಫಾದರ್ ಹತ್ತಿರ ಮಾತ್ರ ಹೇಳಬೇಡಿ,” ಎಂದಳು ಮಾವ್ಶಿ.

ಮೊದಲ ಸಲ ಕಂಬಿ ಬಿತ್ತು. ಮಾವ್ಶಿ ಮನೆಗೆ ಬಂದವಳೇ ಸಂತ ಅಂತೋನಿಯ ಪ್ರತಿಮೆಯನ್ನು ಗೋಡೆಯ ಕಡೆಗೆ ತಿರುಗಿಸಿ ನಿಲ್ಲಿಸಿದಳು. ಎರಡನೇ ಸಲವೂ ಬಿತ್ತು. ಅಂತೋನಿಯ ಎದುರಿನ ಮೇಣದ ಬತ್ತಿಯೂ ಹೋಯಿತು. ಮೂರನೇ ಸಲ ಕೊನೆಯ ಕಂಬಿಯೊಂದು ಬಿದ್ದಿತು. ಅವಳು ಯಾರಿಗೂ ಬೈಯಲಿಲ್ಲ. ಮುಂದಿನ ಭಾನುವಾರ ಪುನಃ ಜೀಪು ಬೇಡಬೇಕಲ್ಲ ಎಂದಷ್ಟೇ ಹೇಳಿ ಬೆನ್ನು ತಿರುಗಿಸಿ ಅತ್ತಳು. ನನಗೆ ಸಂಕಟವಾಯಿತು.

ಆ ಸಂಜೆ ಬಾಲ ಮುಗಿದು ಬಾಪ್ಪು, “ನನ್ನ ಬಾಬ್ತು ಒಂದು,” ಎಂದರು. ಮಾವ್ಶಿ ಕೈಯೆತ್ತಿ ತಡೆದಳು.

“ಎಂತದು ನಿಮ್ಮ ಬಾಬ್ತು? ಇವತ್ತು ಹೇಳಿ.”

ದೇವರಪೀಠದ ಎದುರು ಸುಳ್ಳು ಹೇಳುವ ಹಾಗಿಲ್ಲ. ಬಾಪ್ಪು ನೆಲ ನೋಡುತ್ತಲೇ ಹೇಳಿದರು, “ನೀನು ಪಾಸಾಗಬಾರದು ಅಂತ.”

ನನಗೆ ನಗು ಬಂತು, ಬಾಯಿಗೆ ಕೈ ಇಟ್ಟುಕೊಂಡೆ. ಗಮನಿಸಿ, ಮಾವ್ಶಿ ತಿಂಗಳುಗಟ್ಟಲೆ ತಾನು ಫೇಲಾಗಲಿ ಎಂಬ ಪ್ರಾರ್ಥನೆಯ ಉಳಿದರ್ಧವನ್ನು ಭಕ್ತಿಯಿಂದ, ನನಗಿಂತ ಗಟ್ಟಿಯಾಗಿ ಹೇಳಿ ಮುಗಿಸಿದ್ದಳು. ಒಂದೇ ಮನೆಯಿಂದ, ಒಂದೇ ಹೊತ್ತಿಗೆ, ಒಂದಕ್ಕೊಂದು ವಿರುದ್ಧವಾದ ಎರಡು ಅರ್ಜಿ ಹೋದರೆ ದೇವರಾದರೂ ಎಂತ ಮಾಡಬೇಕು?

“ನೀನು ಬಿಟ್ಟರೆ ನಾನು ಪಕ್ಕದ ಸೀಟಿನವ ಆಗ್ತೇನೆ,” ಎಂದರು ಬಾಪ್ಪು. “ಆಮೇಲೆ ಆ ಕಾರಿನಲ್ಲಿ ನನಗೆ ಎಂತ ಉಂಟು?”

“ಕಣ್ಣು ಸರಿಯಾಗಲಿ ಅಂತ ಕೇಳಬಹುದಿತ್ತಲ್ಲ?”

“ಅದು ಆಗುವುದಿಲ್ಲ ಅಂತ ಡಾಕ್ಟರು ಹೇಳಿದ್ದಾರಲ್ಲ. ಆಗುವಂಥದ್ದನ್ನು ಕೇಳಿದೆ.”

ಬೈಗುಳ ಬರುತ್ತದೆಂದು ನಾನು ಕಾದೆ. ಬರಲಿಲ್ಲ. ಮಾವ್ಶಿ ಎದ್ದು ಅಂತೋನಿಯನ್ನು ಈಚೆ ತಿರುಗಿಸಿ, ಸೆರಗಿನಿಂದ ಅವನ ಮುಖ ಒರೆಸಿದಳು. “ಪಾಪ, ಇವರದ್ದು ಎಂತ ತಪ್ಪೂ ಇಲ್ಲ,” ಎಂದಳು. ಮತ್ತೆ ಮೊಣಕಾಲೂರಿ, “ಈಗ ‘ಎಚ್’ಗೆ ನೀವೇ ಹೇಳಿ. ನಿಮ್ಮ ಬಾಯಿಯಿಂದ,” ಎಂದಳು.

ಬಾಪ್ಪು ಅರ್ಧ ಹೇಳಿದರು. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುತ್ತೇವೆ ಎನ್ನುವ ಮಾತು ಬರುವುದು ಉಳಿದರ್ಧದಲ್ಲಿ, ಮಾವ್ಶಿಯ ಪಾಲಿನಲ್ಲಿ. ಅಲ್ಲಿಗೆ ಬಂದಾಗ ಅವಳು ಹೇಳುವುದನ್ನು ನಿಲ್ಲಿಸಿದಳು. ನಾನೂ ನಿಲ್ಲಿಸಿದೆ. ಆಮೇಲೆ ಹೇಳಿದಳು, ಪೂರ್ತಿ.

ಮುಂದಿನ ಟೆಸ್ಟಿನಲ್ಲಿ ಕಂಬಿ ಬೀಳಲಿಲ್ಲ. ಸರಸ್ವತಿಯಕ್ಕ ಮಧೂರು ಗಣಪತಿಯ ಕೃಪೆ ಎಂದರು. ಮಾವ್ಶಿ ವಾದಿಸಲಿಲ್ಲ, ಅಪ್ಪ ರುಚಿಯಾಗಿತ್ತು. ಭಾನುವಾರ ಬಾಪ್ಪು ಪಕ್ಕದ ಸೀಟಿನಲ್ಲಿ ಕುಳಿತು, ಇಲ್ಲದ ಬ್ರೇಕನ್ನು ಇಗರ್ಜಿಯವರೆಗೂ ಒತ್ತಿದರು. ದಾರಿಯಲ್ಲಿ ಕೈ ತೋರಿಸಿದವರನ್ನೆಲ್ಲ ಮಾವ್ಶಿ ಹತ್ತಿಸಿಕೊಂಡಳು. ‘ಎಚ್’ನ ಪ್ರಾರ್ಥನೆ, ನೀವೇ ಊಹಿಸಿದಂತೆ, ನಿಲ್ಲಲಿಲ್ಲ. ಬಾಪ್ಪುವಿನ ಬಾಬ್ತೂ ಮುಂದುವರಿಯಿತು. ಮತ್ತೆ ಯಾರೂ ಕೇಳಲಿಲ್ಲ.

ಕಳೆದ ವರ್ಷ ಬಾಪ್ಪು ತೀರಿಕೊಂಡರು. ತಿಂಗಳ ಪೂಜೆಗೆ ಹೋದಾಗ ಸಂಜೆ ಮಾವ್ಶಿಯ ಜೊತೆ ಜಪಸರಕ್ಕೆ ಕುಳಿತೆ. ಹಸು, ವೀಸಾ, ‘ಎಚ್’ ಎಲ್ಲ ಮುಗಿದ ಮೇಲೆ ಅವಳು, “ಬಾಪ್ಪುವಿನ ಬಾಬ್ತು ಒಂದು,” ಎಂದಳು.

“ಎಂತ ಕೇಳ್ತಿದ್ದರು ಅಂತ ಗೊತ್ತಾಯಿತಾ?”

“ಇಲ್ಲ. ನನ್ನ ಲೈಸೆನ್ಸು ಹೋಗಲಿ ಅಂತಲೇ ಇರಬಹುದು,” ಎಂದಳು ಮಾವ್ಶಿ. “ಇರಲಿ. ಅವರು ಕೇಳಿದ್ದು ಅವರಿಗೆ ಸಿಗಲಿ. ನೀನು ಉಳಿದರ್ಧ ಹೇಳು.”

ನಾನು ಹೇಳಿದೆ. ದೇವರ ಹತ್ತಿರ ಏನನ್ನಾದರೂ ಕೇಳುವುದು ಹಳ್ಳಿಯವರ ಪೆದ್ದುತನವೆಂದು ಅಲ್ಲಿಯವರೆಗೂ ನಗುತ್ತಿದ್ದವನಿಗೆ ಆ ಸಂಜೆ ನಗು ಬರಲಿಲ್ಲ.

ನಿನ್ನೆ ಬಿರಿಯಾನಿ ಮಸಾಲೆಯ ಬಾಯಿ ಮುಚ್ಚಿಸಿ ಹೆಂಡತಿಯನ್ನು ಕರೆದೆ. “ಇನ್ನೊಂದು ಬಾಕಿ ಉಂಟು.”

“ಎಂತಕ್ಕೆ?”

“ಗೊತ್ತಿಲ್ಲ. ಬಾಪ್ಪುವಿನ ಬಾಬ್ತು.”

ಅವಳು ನನ್ನ ಮುಖ ನೋಡಿದಳು. ಗ್ಯಾಸು ಸಣ್ಣ ಮಾಡಿ ಬಂದು ಪಕ್ಕದಲ್ಲಿ ಮೊಣಕಾಲೂರಿದಳು. ನಾನು ಅರ್ಧ ಹೇಳಿದೆ. ಉಳಿದರ್ಧ ಅವಳು ಹೇಳಿದಳು.